ವಸಡಿನ ರೋಗ ಮತ್ತು ಪ್ರೊಬಯಾಟಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ದಂತವೈದ್ಯೆ ಅಲ್ಲ. ವಸಡಿನಲ್ಲಿ ರಕ್ತ ಬರುತ್ತಿದ್ದರೂ ನಾಲ್ಕೈದು ವರ್ಷ ಸುಮ್ಮನಿದ್ದು, ಕೊನೆಗೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂತವಳು. ನಡುವೆ ಒಂದು ತಿಂಗಳು ಪ್ರೊಬಯಾಟಿಕ್, ಅಂದರೆ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆಯನ್ನು ಪೆಪ್ಪರ್‌ಮೆಂಟಿನ ಹಾಗೆ ಚೀಪಿ ದುಡ್ಡು ಕಳೆದದ್ದೂ ಉಂಟು. ಆಮೇಲೆ ಹಟ ಹಿಡಿದು ಓದಿದೆ, ವೈದ್ಯರನ್ನು ಕಾಡಿ ಕೇಳಿದೆ. ಈಗ ಮನೆಯವರು, ಆಫೀಸಿನವರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇವನ್ನೇ.

ಹಲ್ಲುಜ್ಜುವಾಗ ರಕ್ತ ಬರುತ್ತೆ. ಬ್ರಷ್ ಗಟ್ಟಿ ಇರೋದಕ್ಕಾ, ಇಲ್ಲಾ ರೋಗವಾ?

ಒಂದು ದಿನ ಬಂದು ನಿಂತರೆ ಬ್ರಷ್ ತಾಗಿರಬಹುದು. ದಿನಾ ಬರುತ್ತಿದ್ದರೆ ವಸಡು ಊದಿಕೊಂಡಿದೆ ಎಂದೇ ತಿಳಿಯಿರಿ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾಗಳ ಅಂಟಂಟು ಪಾಚಿ ಕಟ್ಟುತ್ತದೆ. ಅದೇ ಪ್ಲಾಕ್. ಒಂದು ದಿನ ಹಲ್ಲುಜ್ಜದೆ ನಾಲಗೆ ಆಡಿಸಿ ನೋಡಿ, ಹಲ್ಲಿಗೆ ಉಣ್ಣೆ ಹೊದಿಸಿದ ಹಾಗಿರುತ್ತದೆ.

ಈ ಪಾಚಿಯೇ ಕಾರಣ ಎನ್ನುವುದನ್ನು 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಜೊತೆಗಾರರು ಬಹಳ ಸರಳವಾಗಿ ತೋರಿಸಿಕೊಟ್ಟರು. ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಈ ಮೊದಲ ಹಂತದ ಹೆಸರು ಜಿಂಜಿವೈಟಿಸ್. ಇಲ್ಲಿಂದ ಪೂರ್ತಿ ಹಿಂದಕ್ಕೆ ಬರಬಹುದು.

ಎರಡನೆಯದು ಪೆರಿಯೊಡಾಂಟೈಟಿಸ್. ಊತ ಕೆಳಕ್ಕಿಳಿದು ಹಲ್ಲನ್ನು ಹಿಡಿದಿಟ್ಟ ಮೂಳೆಯನ್ನೇ ಕರಗಿಸುತ್ತದೆ. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ನೋವೂ ಸಾಮಾನ್ಯವಾಗಿ ಇರುವುದಿಲ್ಲ, ಅದೇ ದೊಡ್ಡ ತೊಂದರೆ. ಬೀಡಿ, ಸಿಗರೇಟು ಸೇದುವವರಿಗೆ ಇನ್ನೊಂದು ಮೋಸ: ಹೊಗೆ ವಸಡಿನ ರಕ್ತದ ಓಡಾಟವನ್ನು ಕಡಿಮೆ ಮಾಡುವುದರಿಂದ ರೋಗ ಜೋರಾಗಿದ್ದರೂ ರಕ್ತ ಕಾಣಿಸದೇ ಇರಬಹುದು.

ನಮ್ಮಜ್ಜ ಬ್ರಷ್ಷೇ ಹಿಡಿದಿರಲಿಲ್ಲ. ಎಂಬತ್ತರಲ್ಲೂ ಕಬ್ಬು ಸಿಗಿದು ತಿಂತಿದ್ರು. ಅದು ಹೇಗೆ?

ನಿಮ್ಮಜ್ಜ ಅದೃಷ್ಟವಂತರ ಗುಂಪಿನವರು. ಇದೇ ಲೋ ಅವರ ತಂಡ 1970ರಿಂದ ಶ್ರೀಲಂಕಾದ ಟೀ ತೋಟಗಳಲ್ಲಿ 480 ತಮಿಳು ಕಾರ್ಮಿಕರ ಬಾಯಿಯನ್ನು ಸುಮಾರು 15 ವರ್ಷ ನೋಡುತ್ತಾ ಹೋಯಿತು. ಅವರಿಗೆ ಹಲ್ಲಿನ ಡಾಕ್ಟರೂ ಇರಲಿಲ್ಲ, ಬ್ರಷ್ಷೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ, ಎಲ್ಲರ ವಸಡಿನಲ್ಲೂ ಊತ. ಆದರೂ ಸುಮಾರು 8% ಜನರಲ್ಲಿ ರೋಗ ಓಡೋಡಿ ಬೆಳೆಯಿತು, 81% ಜನರಲ್ಲಿ ನಿಧಾನಕ್ಕೆ ಬೆಳೆಯಿತು, 11% ಜನರಲ್ಲಿ ಊತ ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ವಿಜ್ಞಾನಕ್ಕೆ ಬಹಳ ಉಪಯೋಗವಾದ ಲೆಕ್ಕ ಇದು. ಆ ಕಾರ್ಮಿಕರ ಬಗ್ಗೆ ಯೋಚಿಸಿದರೆ ಮಾತ್ರ ನನಗೆ ಹೊಟ್ಟೆ ಚುರುಕ್ ಎನ್ನುತ್ತದೆ.

ಅಜ್ಜ ಆ 11ರಲ್ಲಿದ್ದರು ಅಂತ ನೀವೂ ಅಲ್ಲೇ ಇದ್ದೀರಿ ಅಂದುಕೊಳ್ಳಬೇಡಿ.

ರೋಗ ಬಂದಿದ್ದೇ ಬ್ಯಾಕ್ಟೀರಿಯಾದಿಂದ. ಅದಕ್ಕೆ ಮತ್ತೆ ಬ್ಯಾಕ್ಟೀರಿಯಾ ಕೊಡೋದು ಯಾವ ನ್ಯಾಯ?

ಬಾಯಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಜಾತಿಗಳು 700ರ ಮೇಲಿವೆ. ಹೆಚ್ಚಿನವು ತಮ್ಮ ಪಾಡಿಗೆ ಇರುತ್ತವೆ. ವಸಡಿನ ರೋಗದಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರು ಪಾರ್ಫಿರೊಮೊನಾಸ್ ಜಿಂಜಿವಾಲಿಸ್. ಅದರ ಜೊತೆಗೆ ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೀಮಾ ಡೆಂಟಿಕೋಲಾ. ಈ ಮೂವರನ್ನು 1998ರಲ್ಲಿ ಸೊಕ್ರಾನ್ಸ್ಕಿ ತಂಡ ‘ಕೆಂಪು ಗುಂಪು’ ಎಂದು ಗುರುತಿಸಿತು. ಇವುಗಳಿಗೆ ಗಾಳಿ ಆಗದು. ಹಾಗಾಗಿ ವಸಡು ಮತ್ತು ಹಲ್ಲಿನ ನಡುವಿನ ಆಳದ ಸಂದಿಯಲ್ಲಿ ಬೀಡುಬಿಡುತ್ತವೆ. ಆ ಸಂದಿಗೆ ವೈದ್ಯರು ಪಾಕೆಟ್ ಎನ್ನುತ್ತಾರೆ.

ದಂತವೈದ್ಯರು ಹಲ್ಲು ಮತ್ತು ಪಾಕೆಟ್ ಕೆರೆದು ಕ್ಲೀನಿಂಗ್ ಮಾಡಿದಾಗ ಈ ಜಾಗ ಸ್ವಲ್ಪ ಹೊತ್ತು ಖಾಲಿಯಾಗುತ್ತದೆ. ಆಮೇಲೆ ಮತ್ತೆ ಯಾರಾದರೂ ಬಂದು ತುಂಬಿಕೊಳ್ಳಲೇಬೇಕು. ಬಾಯಿ ಎಂದರೆ ಖಾಲಿ ಸೈಟು ಅಲ್ಲ, ಬೆಳಗಿನ ಪ್ಯಾಸೆಂಜರ್ ರೈಲು. ಎದ್ದ ಸೀಟಿಗೆ ಕೆಟ್ಟವರು ಕೂರುವ ಮೊದಲೇ ನಿರಪಾಯದವರ ಕೈಯಲ್ಲಿ ಟವೆಲ್ ಹಾಕಿಸಿದರೆ ಹೇಗೆ? ಪ್ರೊಬಯಾಟಿಕ್ ಹಿಂದಿರುವ ಯೋಚನೆ ಇದೇ. ಬೆಲ್ಜಿಯಂನ ಲೂವೆನ್‌ನಲ್ಲಿ ಟಾಯ್ಗೆಲ್ಸ್ ತಂಡ ಇದನ್ನು ಮೊದಲು ಬೀಗಲ್ ನಾಯಿಗಳ ಮೇಲೆ ಮಾಡಿ ನೋಡಿ 2007ರಲ್ಲಿ ಪ್ರಕಟಿಸಿತು. ಕ್ಲೀನಿಂಗ್ ಆದ ಮೇಲೆ ಪಾಕೆಟ್‌ಗಳಿಗೆ ಒಳ್ಳೆಯ ಸ್ಟ್ರೆಪ್ಟೊಕಾಕಸ್‌ಗಳನ್ನು ಬಿಟ್ಟಾಗ ಕೆಟ್ಟವು ವಾಪಸ್ ಬರುವುದು ತಡವಾಯಿತು.

ಸೀಟು ಹಿಡಿಯುವುದಷ್ಟೇ ಅಲ್ಲ. ರಾಯ್ಟೆರಿ ಎಂಬ ಲ್ಯಾಕ್ಟೊಬ್ಯಾಸಿಲಸ್ ಪಕ್ಕದ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ರಾಯ್ಟೆರಿನ್ ಎಂಬ ವಸ್ತುವನ್ನು ಮಾಡುತ್ತದೆ. ನಮ್ಮ ದೇಹ ಊತವನ್ನು ಎಬ್ಬಿಸುವ ರೀತಿಯನ್ನೂ ಸ್ವಲ್ಪ ಶಾಂತ ಮಾಡಬಹುದು.

ದಿನಾ ಮೊಸರು ತಿಂತೀವಲ್ಲ, ಅದು ಸಾಲದಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಮುಖದಲ್ಲಿ ‘ಹೂಂ ಅನ್ನು’ ಎಂಬ ಆಸೆಯೂ ಇರುತ್ತದೆ.

ನಮ್ಮಮ್ಮ ಹೆಪ್ಪು ಹಾಕುವಾಗ ಹಾಲಿಗೆ ಕಿರುಬೆರಳು ಅದ್ದಿ ನೋಡುತ್ತಾರೆ. ಉಗುರುಬೆಚ್ಚಗಿದ್ದರೆ ಒಂದು ಚಮಚ ಹಳೆ ಮೊಸರು. ಹೆಪ್ಪು ಹಾಳಾದ ದಿನ ಪಕ್ಕದ ಮನೆಯಿಂದ ಬಟ್ಟಲಲ್ಲಿ ಬರುತ್ತದೆ. ಅವರ ಹೆಪ್ಪು ಅವರ ತವರಿನಿಂದ ಬಂದದ್ದು. ಇನ್ನು ಒಂದೊಂದು ಮನೆಯಲ್ಲಿ ಹಸಿಮೆಣಸಿನ ತೊಟ್ಟು ಹಾಕಿಯೇ ಹಾಲನ್ನು ಮೊಸರು ಮಾಡುತ್ತಾರೆ. ಅಂದರೆ ನಮ್ಮ ಗಡಿಗೆಯಲ್ಲಿ ಯಾವ ಬ್ಯಾಕ್ಟೀರಿಯಾ, ಎಷ್ಟು ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇವತ್ತಿನದು ನಾಳೆ ಇರುತ್ತದೆ ಎನ್ನುವ ಖಾತ್ರಿಯೂ ಇಲ್ಲ. ರುಚಿಗೆ ಇದು ಒಳ್ಳೆಯದೇ, ಚಿಕಿತ್ಸೆಗೆ ಆಗದು.

ಪ್ರೊಬಯಾಟಿಕ್ ಎಂಬ ಹೆಸರಿಗೆ 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೊಟ್ಟ ಅರ್ಥದಲ್ಲಿ ಮೂರು ಷರತ್ತುಗಳಿವೆ. ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಆರೋಗ್ಯಕ್ಕೆ ಅನುಕೂಲ ಆಗಬೇಕು. ಮನೆ ಮೊಸರು ಮೊದಲನೆಯದನ್ನು ಪಾಸು ಮಾಡುತ್ತದೆ. ಮಿಕ್ಕಿದ್ದಕ್ಕೆ ಲೆಕ್ಕ ಇಟ್ಟವರಿಲ್ಲ.

ಇನ್ನೊಂದು ವಿಷಯ, ಮೊಸರನ್ನ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ? ಉಪ್ಪಿನಕಾಯಿ ನಂಚಿಕೊಂಡರೆ ಇನ್ನೂ ಬೇಗ ಇಳಿಯುತ್ತದೆ. ವಸಡಿಗೆಂದು ಮಾಡಿದ ಮಾತ್ರೆಯನ್ನು ಬಾಯಲ್ಲೇ ಇಟ್ಟು ನಿಧಾನಕ್ಕೆ ಕರಗಿಸಬೇಕು.

ಮೊಸರು ಬಿಡಿ ಅಂತ ಹೇಳುತ್ತಿಲ್ಲ. ಸಕ್ಕರೆ ಹಾಕದ ಮೊಸರು ಹಲ್ಲಿಗೆ ಒಳ್ಳೆಯ ಆಹಾರವೇ. ಪುಟ್ಟ ಬಾಟಲಿಗಳಲ್ಲಿ ಬರುವ ಸಿಹಿ ಪ್ರೊಬಯಾಟಿಕ್ ಪಾನೀಯಗಳನ್ನು ಮಾತ್ರ ವಸಡಿಗಾಗಿ ಕುಡಿಯಬೇಡಿ, ಅದರ ಸಕ್ಕರೆ ಹಲ್ಲಿಗೇ ಕುತ್ತು.

ಇಡ್ಲಿ, ದೋಸೆ, ಮಜ್ಜಿಗೆ ಹುಳಿ?

ಇಡ್ಲಿ ಹಿಟ್ಟು ಉಬ್ಬುವುದು ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾದಿಂದ, ನಿಜ. ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರುವುದಿಲ್ಲ. ಕಾವಲಿ ಮೇಲಂತೂ ಕೇಳಲೇಬೇಡಿ. ಮಜ್ಜಿಗೆ ಹುಳಿ ಕುದಿಸುತ್ತೀರಿ, ಅಲ್ಲೂ ಅದೇ ಕಥೆ. ತಂಬುಳಿ, ಮೊಸರು ಬಜ್ಜಿಯಲ್ಲಿ ಜೀವ ಇರುತ್ತದೆ.

ಸಂಶೋಧನೆ ಏನು ಹೇಳುತ್ತೆ? ನಮ್ಮ ಕಡೆ ಯಾರಾದ್ರೂ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ಬೆಣ್ಣೆ ದೋಸೆಯ ಊರಿನಲ್ಲಿ. ದಾವಣಗೆರೆಯ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್‌ನ ವಿವೇಕಾನಂದ ಮತ್ತು ವಂದನಾ, ಅವರ ಜೊತೆ ಭಟ್ ಸೇರಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯ ಓದುವವರು ಈಗಲೂ ತಿರುವಿ ಹಾಕುತ್ತಾರೆ.

ಅವರು ಮಾಡಿದ್ದು ಹೀಗೆ. ಪೆರಿಯೊಡಾಂಟೈಟಿಸ್ ಇದ್ದ 30 ಜನ. ಪ್ರತಿಯೊಬ್ಬರಿಗೂ ಬಾಯಿಯ ಒಂದು ಭಾಗಕ್ಕೆ ಕ್ಲೀನಿಂಗ್, ಇನ್ನೊಂದು ಭಾಗಕ್ಕೆ ಇಲ್ಲ. ಮೂರು ವಾರ ಕಳೆದ ಮೇಲೆ ಅರ್ಧ ಜನರಿಗೆ ರಾಯ್ಟೆರಿಯ ಎರಡು ತಳಿ ಇರುವ ಪ್ರೊಡೆಂಟಿಸ್ ಎಂಬ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಮಾತ್ರೆ. 42ನೇ ದಿನ ಅಳತೆ. ಕ್ಲೀನಿಂಗ್ ಮತ್ತು ಮಾತ್ರೆ ಎರಡೂ ಸಿಕ್ಕ ಜಾಗದಲ್ಲಿ ಪಾಕೆಟ್ ಆಳ ಎಲ್ಲಕ್ಕಿಂತ ಚೆನ್ನಾಗಿ ಇಳಿದಿತ್ತು. ಸರಾಸರಿ 5 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇದ್ದದ್ದು 4ಕ್ಕಿಂತ ಕೆಳಗೆ ಬಂದಿತ್ತು. ಜಿಂಜಿವಾಲಿಸ್ ಸಂಖ್ಯೆಯೂ ತಗ್ಗಿತ್ತು.

ಇದಕ್ಕೂ ಮೊದಲು 2006ರಲ್ಲಿ ಸ್ವೀಡನ್ನಿನಲ್ಲಿ 59 ಜನರ ಮೇಲೆ ಪರೀಕ್ಷೆ ನಡೆದು, ರಾಯ್ಟೆರಿ ವಸಡಿನ ರಕ್ತ ಮತ್ತು ಊತ ಇಳಿಸಿತು ಎಂದು ವರದಿಯಾಗಿತ್ತು. 2013ರಲ್ಲಿ ಬೆಲ್ಜಿಯಂನ ಅದೇ ಟಾಯ್ಗೆಲ್ಸ್ ಮತ್ತು ಜೊತೆಗಾರರು 30 ಜನರಿಗೆ 12 ವಾರ ಮಾತ್ರೆ ಕೊಟ್ಟು, ಆಳದ ಪಾಕೆಟ್‌ಗಳಲ್ಲಿ ಹೆಚ್ಚಿನ ಲಾಭ ಕಂಡರು. 2019ರಲ್ಲಿ ಹಾಂಗ್‌ಕಾಂಗ್‌ನವರು ಇದೇ ರಾಯ್ಟೆರಿ ಕೊಟ್ಟು ನೋಡಿದಾಗ ಬರೀ ಕ್ಲೀನಿಂಗ್‌ಗಿಂತ ಹೆಚ್ಚೇನೂ ಸಿಗಲಿಲ್ಲ.

ಹಾಗಾದ್ರೆ ಕೊನೆಗೆ ಏನಂತ ತಿಳ್ಕೊಳ್ಳೋದು?

ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ತಂದಿತು. ಅದರಲ್ಲಿ ಕ್ಲೀನಿಂಗ್ ಜೊತೆಗೆ ಪ್ರೊಬಯಾಟಿಕ್ ಬಳಸದಿರುವುದೇ ಸರಿ ಎಂಬ ಸಲಹೆ ಇದೆ. ವಿಷ ಎಂದಲ್ಲ. ಅಧ್ಯಯನಗಳು ಚಿಕ್ಕವು, ಒಂದಕ್ಕೊಂದು ತಾಳೆ ಆಗುವುದಿಲ್ಲ, ಒಬ್ಬೊಬ್ಬರು ಒಂದೊಂದು ತಳಿ ಬಳಸಿದ್ದಾರೆ. ಮಾತ್ರೆ ತಯಾರಿಸುವವರೇ ಮಾತ್ರೆ ಒದಗಿಸಿದ ಅಧ್ಯಯನಗಳೂ ಸಾಕಷ್ಟಿವೆ. 30 ಜನರಲ್ಲಿ ಚೆನ್ನಾಗಿ ಕಂಡದ್ದು 3,000 ಜನರಲ್ಲಿ ಹಾಗೇ ಕಾಣಬೇಕು ಎಂದೇನಿಲ್ಲ, ಅಲ್ವಾ?

ನನ್ನ ಲೆಕ್ಕದಲ್ಲಿ ಇದು ಮದುವೆ ಮನೆಯಲ್ಲಿ ಬಡಿಸಲು ಬಂದ ಪಕ್ಕದ ಮನೆ ಹುಡುಗ. ಇದ್ದರೆ ಕೈಗೆ ಆಸರೆ, ಇಲ್ಲದಿದ್ದರೆ ಊಟ ನಿಲ್ಲುವುದಿಲ್ಲ. ಅಡುಗೆಭಟ್ಟರು ಬರದಿದ್ದರೆ ಮಾತ್ರ ಆ ಹುಡುಗನಿಂದ ಏನೂ ಆಗುವುದಿಲ್ಲ. ಇಲ್ಲಿ ಅಡುಗೆಭಟ್ಟರು ಎಂದರೆ ಕ್ಲೀನಿಂಗ್.

ಕ್ಲೀನಿಂಗ್ ಮಾಡಿಸದೆ ಬರೀ ಮಾತ್ರೆ ಚೀಪಿದ್ರೆ?

ನಾನು ಮಾಡಿದ್ದು ಅದನ್ನೇ. ಒಂದು ತಿಂಗಳಾಗುವಾಗ ರಕ್ತ ಸ್ವಲ್ಪ ಕಡಿಮೆ ಆದ ಹಾಗಿತ್ತು. ಖುಷಿಯಾಗಿ ಇನ್ನೊಂದು ಡಬ್ಬಿ ತರಿಸಿದೆ. ಆಮೇಲೆ ಬೇರೆ ಯಾವುದೋ ಹಲ್ಲು ನೋವಿಗೆ ಕ್ಲಿನಿಕ್ಕಿಗೆ ಹೋದಾಗ, ಡಾಕ್ಟರು ತುದಿಯಲ್ಲಿ ಮಿಲಿಮೀಟರ್ ಗೆರೆಗಳಿದ್ದ ತೆಳ್ಳನೆಯ ಕಡ್ಡಿಯೊಂದನ್ನು ವಸಡಿನ ಸಂದಿಗೆ ಇಳಿಸಿದರು. ಒಂದೊಂದು ಹಲ್ಲಿಗೆ ಆರು ಕಡೆ. “ಮೂರು, ಎರಡು, ಮೂರು.” ಸಹಾಯಕಿ ಬರೆದುಕೊಳ್ಳುತ್ತಿದ್ದರು. ಹಿಂದಿನ ದವಡೆಗೆ ಬಂದಾಗ “ಐದು, ನಾಲ್ಕು, ಆರು.” ಅಲ್ಲಿ ಅವರ ದನಿ ಬದಲಾಗಲಿಲ್ಲ, ನನ್ನ ಕೈ ಮಾತ್ರ ಕುರ್ಚಿಯ ಹಿಡಿಯನ್ನು ಗಟ್ಟಿ ಹಿಡಿಯಿತು. 3ರವರೆಗೆ ಪರವಾಗಿಲ್ಲ, 4 ದಾಟಿದರೆ ಪಾಕೆಟ್ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು.

ಪಾಚಿ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಹೀರಿ ಗಟ್ಟಿಯಾಗಿ ಕಲ್ಲಾಗುತ್ತದೆ. ನನ್ನ ವಸಡಿನ ಕೆಳಗೆ ಬೇರಿಗೆ ಅಂಟಿಕೊಂಡು ಆ ಕಲ್ಲಿತ್ತು. ಬ್ರಷ್ಷಿಗೆ ಅದು ಜಗ್ಗುವುದಿಲ್ಲ, ಯಾವ ಬ್ಯಾಕ್ಟೀರಿಯಾಕ್ಕೂ ಅದನ್ನು ಕೆರೆಯುವ ಉಗುರಿಲ್ಲ. ಮಾತ್ರೆ ಮೇಲಿನ ಊತವನ್ನು ಒಂದಿಷ್ಟು ತಗ್ಗಿಸಿರಬಹುದು, ಕೆಳಗಿನ ರೋಗ ಹಾಗೇ ಇತ್ತು. ರಕ್ತ ಕಡಿಮೆಯಾಯಿತು ಎಂದು ನಾನು ಇನ್ನೂ ಆರು ತಿಂಗಳು ಸುಮ್ಮನಿರುತ್ತಿದ್ದೆ ಎನ್ನುವುದೇ ನನಗೆ ಈಗ ಭಯ.

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ ಅಂತಾರೆ?

ಸಂದಿ ಮೊದಲೇ ಇರುತ್ತದೆ, ಕಲ್ಲು ಅದನ್ನು ತುಂಬಿಕೊಂಡಿರುತ್ತದೆ. ಕಲ್ಲು ತೆಗೆದು ಊತ ಇಳಿದಾಗ ಅಲ್ಲಿದ್ದ ಖಾಲಿ ಕಾಣುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ, ಅದೂ ಇಳಿಯುತ್ತದೆ. ಹಲ್ಲನ್ನು ಸಡಿಲ ಮಾಡುವುದು ಮೂಳೆ ಕರಗಿಸುವ ರೋಗ. ಕ್ಲೀನಿಂಗ್ ಮೇಲೆ ಸುಮ್ನೆ ಅಪವಾದ ಅಷ್ಟೆ.

ಮಾತ್ರೆ ತಗೊಳ್ಳೋದೇ ಆದ್ರೆ ಹೇಗೆ ತಗೋಬೇಕು?

ಕ್ಲೀನಿಂಗ್ ಆದ ಮೇಲೆ, ನಿಮ್ಮ ದಂತವೈದ್ಯರಿಗೆ ಹೇಳಿ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಹಲ್ಲುಜ್ಜಿದ ಮೇಲೆ ಕೊಟ್ಟಿದ್ದಾರೆ. ಅಗಿಯಬೇಡಿ, ನುಂಗಬೇಡಿ, ನಾಲಗೆ ಮೇಲೆ ತಾನಾಗಿ ಕರಗಲಿ. ಅದರ ಮೇಲೆ ತಕ್ಷಣ ಬಿಸಿ ಕಾಫಿ ಸುರಿದುಕೊಂಡರೆ ಚೀಪಿದ್ದಕ್ಕೆ ಅರ್ಥವೇ ಇಲ್ಲ.

ಬಹಳ ಜನ ತಪ್ಪುವುದು ಮೌತ್‌ವಾಶ್ ವಿಷಯದಲ್ಲಿ. ಕ್ಲೀನಿಂಗ್ ಆದ ಮೇಲೆ ಕ್ಲೋರ್‌ಹೆಕ್ಸಿಡಿನ್ ಬರೆದುಕೊಡುವುದು ರೂಢಿ. ಅದರ ಕೆಲಸವೇ ಬ್ಯಾಕ್ಟೀರಿಯಾ ಕೊಲ್ಲುವುದು, ಒಳ್ಳೆಯದು ಕೆಟ್ಟದ್ದು ಎಂದು ಕೇಳಿ ಕೊಲ್ಲುವುದಿಲ್ಲ. ಬಾಯಿ ಮುಕ್ಕಳಿಸಿದ ಮೇಲೂ ಗಂಟೆಗಟ್ಟಲೆ ಹಲ್ಲು, ವಸಡಿಗೆ ಅಂಟಿಕೊಂಡಿರುತ್ತದೆ. ಅದರ ಕೋರ್ಸ್ ಮುಗಿದ ಮೇಲೆ ಮಾತ್ರೆ ಶುರು ಮಾಡುವುದು ಮೇಲು.

ಡಬ್ಬಿ ಮೇಲೆ ಏನು ನೋಡಬೇಕು?

ಬರೀ ‘ಲ್ಯಾಕ್ಟೊಬ್ಯಾಸಿಲಸ್’ ಎಂದಿದ್ದರೆ ಜಿಲ್ಲೆಯ ಹೆಸರು ಬರೆದು ಕಾಗದ ಹಾಕಿದ ಹಾಗೆ. ‘ರಾಯ್ಟೆರಿ’ ಎಂದಿದ್ದರೆ ಊರು ಗೊತ್ತಾಯಿತು. ಮನೆ ನಂಬರ್ ಬೇಕಲ್ಲ? ಅದೇ ತಳಿಯ ಸಂಖ್ಯೆ. ದಾವಣಗೆರೆಯಲ್ಲಿ ಬಳಸಿದ ಎರಡು ತಳಿಗಳು ಡಿಎಸ್‌ಎಂ 17938 ಮತ್ತು ಎಟಿಸಿಸಿ ಪಿಟಿಎ 5289. ಮೊದಲನೆಯದರ ಮೂಲ ಪೆರು ದೇಶದ ತಾಯಿಯೊಬ್ಬಳ ಎದೆಹಾಲು, ಎರಡನೆಯದು ಸಿಕ್ಕಿದ್ದು ಜಪಾನಿನ ಹೆಂಗಸೊಬ್ಬಳ ಬಾಯಲ್ಲಿ. ಒಂದು ತಳಿ ಮಾಡಿದ ಕೆಲಸವನ್ನು ಅದರ ದಾಯಾದಿ ಮಾಡಬೇಕೆಂದಿಲ್ಲ. ರಾಯ್ಟೆರಿಯ ಕುಲನಾಮವನ್ನು 2020ರಲ್ಲಿ ‘ಲಿಮೊಸಿಲ್ಯಾಕ್ಟೊಬ್ಯಾಸಿಲಸ್’ ಎಂದು ಬದಲಿಸಿದ್ದಾರೆ. ಹಾಗೆ ಬರೆದಿದ್ದರೂ ಗಾಬರಿ ಬೇಡ, ಹಳೆಯವನೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತಳಿಯ ಹೆಸರು ಹಾಕಿ, ಬಳಕೆಯ ಕೊನೆ ದಿನಕ್ಕೆ ಎಷ್ಟು ಜೀವಂತ ಇರುತ್ತವೆ ಎಂದು ಹೇಳಿ ಎನ್ನುತ್ತದೆ. ತಯಾರಾದ ದಿನದ ಸಂಖ್ಯೆ ನಂಬಿ ಕೂರಬೇಡಿ. ದಾವಣಗೆರೆಯ ಮಾತ್ರೆಯಲ್ಲಿ ಪ್ರತಿ ತಳಿಯೂ 10 ಕೋಟಿಯಷ್ಟಿತ್ತು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಶೀಟ್ ಹೊದಿಸಿದ ಅಂಗಡಿಯ ಮೇಲಿನ ಅಟ್ಟದಲ್ಲಿ ಎರಡು ತಿಂಗಳು ಕೂತ ಡಬ್ಬಿಯಲ್ಲಿ ಎಷ್ಟು ಉಳಿದಿರುತ್ತವೆ, ನೀವೇ ಊಹಿಸಿ.

ಹೊಟ್ಟೆ ಕೆಟ್ಟಾಗ ಕೊಡ್ತಾರಲ್ಲ, ಆ ಕ್ಯಾಪ್ಸೂಲ್ ಆಗುತ್ತಾ?

ಇಲ್ಲ. ಅದು ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಲೆಂದು ಮಾಡಿದ್ದು. ತಳಿಯೂ ಬೇರೆ.

ಸಕ್ಕರೆ ಕಾಯಿಲೆ, ಬಿಪಿ ಇರೋರಿಗೆ? ಬಸುರಿಯರಿಗೆ?

ಸಕ್ಕರೆ ಕಾಯಿಲೆ ಮತ್ತು ವಸಡಿನ ರೋಗ ಒಂದನ್ನೊಂದು ಕೆಣಕುತ್ತವೆ. ಸಕ್ಕರೆ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಅವರು ಮಾತ್ರೆಗಿಂತ ಮೊದಲು ಕ್ಲಿನಿಕ್ಕಿಗೆ ಹೋಗಬೇಕು.

ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ವಸಡು ಉಬ್ಬಿ ಹಲ್ಲಿನ ಮೇಲೆ ಹತ್ತುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದಲೂ ಹಾಗಾಗಬಹುದು. ಪ್ರೊಬಯಾಟಿಕ್ ಇದಕ್ಕೆ ಮದ್ದಲ್ಲ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಬಸುರಿನಲ್ಲಿ ಹಾರ್ಮೋನ್ ಏರುಪೇರಿನಿಂದ ವಸಡು ಸುಲಭವಾಗಿ ಊದುತ್ತದೆ. ರಾಯ್ಟೆರಿ ಮಾತ್ರೆಯಿಂದ ಈ ಊತ ಇಳಿಯಿತು ಎಂದು 2016ರಲ್ಲಿ 45 ಬಸುರಿಯರ ಮೇಲಿನ ಚಿಕ್ಕ ಅಧ್ಯಯನವೊಂದು ಹೇಳಿದೆ. ಆದರೂ ನಿಮ್ಮ ಹೆರಿಗೆ ಡಾಕ್ಟರನ್ನು ಕೇಳದೆ ಬೇಡ. ಬಸುರಿನಲ್ಲಿ ಹಲ್ಲು ಕ್ಲೀನ್ ಮಾಡಿಸಬಾರದು ಎಂಬ ಮಾತನ್ನಂತೂ ಅತ್ತೆಯವರಿಗೇ ಬಿಟ್ಟುಬಿಡಿ.

ಯಾರು ತಗೋಬಾರದು?

ಕೀಮೋ ನಡೆಯುತ್ತಿರುವವರು, ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ಹೃದಯದ ಕವಾಟದ ತೊಂದರೆ ಇರುವವರು ಕೇಳದೆ ಮುಟ್ಟಬಾರದು. ಬಹಳ ಅಪರೂಪಕ್ಕೆ ಲ್ಯಾಕ್ಟೊಬ್ಯಾಸಿಲಸ್ ರಕ್ತಕ್ಕೆ ಸೇರಿ ಸೋಂಕು ಮಾಡಿದ ಪ್ರಕರಣಗಳಿವೆ. ಉಳಿದವರಿಗೆ ಹೆಚ್ಚೆಂದರೆ ಸ್ವಲ್ಪ ಹೊಟ್ಟೆ ಉಬ್ಬರ.

ಇದರಿಂದ ಹುಳುಕು ಬರಲ್ವಾ? ಲ್ಯಾಕ್ಟೊಬ್ಯಾಸಿಲಸ್ ಆಸಿಡ್ ಮಾಡುತ್ತಲ್ಲ?

ಒಳ್ಳೆ ಪ್ರಶ್ನೆ. ಹುಳುಕಿನ ಗುಂಡಿಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್‌ಗಳು ಸಿಗುವುದು ನಿಜ, ಅವು ಆಮ್ಲ ಮಾಡುವುದೂ ನಿಜ. ಬಾಯಿ ತುಂಬ ಹುಳುಕಿರುವವರು ಮೊದಲು ಅದನ್ನು ತುಂಬಿಸಿಕೊಳ್ಳಲಿ. ಸಕ್ಕರೆ ಸೇರಿಸಿದ ಮಾತ್ರೆಯಾದರೆ ಯಾರಿಗೂ ಬೇಡ.

ಬಾಯಿ ವಾಸನೆಗೆ?

ಅದಕ್ಕೆ ಬೇರೆ ಬ್ಯಾಕ್ಟೀರಿಯಾ, ಸ್ಟ್ರೆಪ್ಟೊಕಾಕಸ್ ಸಲಿವೇರಿಯಸ್ ಕೆ12. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜಾನ್ ಟ್ಯಾಗ್ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ವಾಸನೆ ಪಾಕೆಟ್‌ನಿಂದ ಬರುತ್ತಿದ್ದರೆ ಮತ್ತೆ ಅದೇ ಕಥೆ, ಮೊದಲು ಕಲ್ಲು ತೆಗೆಸಿ. ನಾಲಗೆ ಹಿಂಭಾಗವನ್ನೂ ಉಜ್ಜಿ.

ಮಾತ್ರೆ ನಿಲ್ಲಿಸಿದ ಮೇಲೆ ಆ ಬ್ಯಾಕ್ಟೀರಿಯಾ ಬಾಯಲ್ಲೇ ಉಳಿಯುತ್ತಾ?

ಹೆಚ್ಚಿನವರಲ್ಲಿ ಇಲ್ಲ. ಕೆಲವು ವಾರದಲ್ಲಿ ಮಾಯವಾಗುತ್ತದೆ. ಬಂದ ನೆಂಟ ಮನೆ ಕಟ್ಟಿಕೊಳ್ಳುವುದಿಲ್ಲ. ಹಾಗಾಗಿ “ಒಂದು ಕೋರ್ಸ್ ತಗೊಳ್ಳಿ, ಜೀವನಪೂರ್ತಿ ನಿಶ್ಚಿಂತೆ” ಎನ್ನುವ ಜಾಹೀರಾತು ಕಂಡರೆ ಮುಂದಕ್ಕೆ ಸರಿಸಿಬಿಡಿ.

ನೀವು ಈಗಲೂ ತಗೊಳ್ತೀರಾ?

ಕ್ಲೀನಿಂಗ್ ಆದ ಮೇಲೆ ಡಾಕ್ಟರನ್ನು ಕೇಳಿ, ಉಳಿದಿದ್ದ ಎರಡನೇ ಡಬ್ಬಿಯನ್ನು ಮುಗಿಸಿದೆ. ಬಿಸಾಡಲು ಮನಸ್ಸು ಬರಲಿಲ್ಲ. ಮೂರನೆಯದನ್ನು ತರಲಿಲ್ಲ. ಆ ದುಡ್ಡಿಗೆ ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್‌ಗಳು ಬಂದಿವೆ, ಕನ್ನಡಿಯ ಪಕ್ಕ ಲೋಟದಲ್ಲಿ ನಿಂತಿವೆ. ಮೂರು ತಿಂಗಳಿಗೆ ಮತ್ತೆ ಕಡ್ಡಿ ಇಳಿಸಿ ಅಳೆದರು. ಹಿಂದಿನ ದವಡೆಯ ಆರು ಈಗ ನಾಲ್ಕು. ಅದರಲ್ಲಿ ಮಾತ್ರೆಯ ಪಾಲೆಷ್ಟು ಎಂದು ಕೇಳಿದೆ. ಡಾಕ್ಟರು ನಕ್ಕು, “ಬಾಯಿ ತೆಗೀರಿ, ಇನ್ನೂ ಎಡಗಡೆ ಬಾಕಿ ಇದೆ” ಎಂದರು.